ತಾಳೆಯಾದ ಅರವತ್ತನಾಲ್ಕು ಅಕ್ಷರ

ಹೊಸ ಕೊಪ್ಪರ, ಕೃಷ್ಣೆಯ ದಡ
ಕ್ರಿ.ಶ. ೨೨೪೧, ನಡು ಆಷಾಢದ ನಲವತ್ತೊಂದನೆಯ ದಿನ

ಕಮಾಂಡ್ ಸಲಕರಣೆ ಹಾಕಿಕೊಳ್ಳುವ ಕ್ರಮವನ್ನು ಬರೆಯುತ್ತಿರುವ ಹಿರಿಯರಿಗೆ,

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ನಲವತ್ತೈದೂ ಉಂಟು. ನೀವು ಇಪ್ಪತ್ತೈದರ ಹರೆಯದವರಿರಬಹುದು, ನನಗೆ ಅರವತ್ತೊಂದು. ಆದರೂ ನೀವು ಏಳು ತಲೆ ಹಿಂದಿನವರು, ಹಿರಿಯರೆಂದೇ ಕರೆಯಬೇಕು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಕಂಟೇನರ್ ಕ್ಲಸ್ಟರ್ ಎನ್ನುವುದನ್ನು ನಾವು ಪೆಟ್ಟಿಗೆಕೂಟ ಎನ್ನುತ್ತೇವೆ: ಒಂದೊಂದು ಪ್ರೋಗ್ರಾಮನ್ನೂ ಅದರದರ ಪೆಟ್ಟಿಗೆಯಲ್ಲಿ ಮುಚ್ಚಿ, ಹತ್ತಾರು ಯಂತ್ರಗಳ ಮೇಲೆ ಒಟ್ಟಿಗೆ ಓಡಿಸುವ ಏರ್ಪಾಡು. ಕಮಾಂಡ್ ಟೈಪ್ ಮಾಡಿ ಆ ಕೂಟಕ್ಕೆ ಕೆಲಸ ಹೇಳುವ ಸಲಕರಣೆಗೆ ಕರೆಗೋಲು ಎಂದು ಹೆಸರು. ಈ ಊರಿನ ಕರೆಗೋಲು ನನ್ನ ಕೈಯಲ್ಲಿದೆ. ನಾನು ಮಲ್ಲವ್ವ ಹೂಗಾರ.

ಬೀದಿಗೆ ನೆರಳುಚಾಪೆ ಬಿಚ್ಚುವುದು, ಜೋಳದ ಗಿರಣಿ, ಆಸ್ಪತ್ರೆಯ ನೀರು, ಎಲ್ಲವೂ ನಮ್ಮಲ್ಲಿ ಪೆಟ್ಟಿಗೆಗಳ ಕೆಲಸ. ಹೊಸ ಯಂತ್ರಕ್ಕೆ ಕರೆಗೋಲು ಹಾಕುವುದೆಂದರೆ ಮದುವೆಯಷ್ಟೇ ಕಟ್ಟುನಿಟ್ಟು. ಅದಕ್ಕೆ ನೀವು ಬರೆಯುತ್ತಿರುವ ಆ ಕ್ರಮದ ಪುಟವೇ ಆಧಾರ. ನನ್ನ ಮುತ್ತಜ್ಜಿ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾಳೆ. ಕಣಜದಿಂದ, ಅಂದರೆ ಕಡತಗಳ ಉಗ್ರಾಣದಿಂದ, ಕಡತ ಇಳಿಸಬೇಕು. ಅದು ದಾರಿಯಲ್ಲಿ ಹಾಳಾಗಿಲ್ಲವೆಂದು ತಿಳಿಯಲು ಪರೀಕ್ಷಾಮೊತ್ತದ, ಅಂದರೆ ಕಡತದ ಬೆರಳಚ್ಚಿನಂಥ ಗುರುತಿನ, ಅರವತ್ತನಾಲ್ಕು ಅಕ್ಷರಗಳನ್ನು ಇಬ್ಬರು ಎದುರುಬದುರು ಕೂತು, ಒಬ್ಬರು ಕಣಜದ್ದನ್ನೂ ಇನ್ನೊಬ್ಬರು ಇಳಿದದ್ದನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಇಬ್ಬರೂ ಒಂದೇ ಮನೆಯವರಾಗಿರಕೂಡದು. ಎಲ್ಲಿ ತಡವರಿಸಿದರೂ ಮತ್ತೆ ಮೊದಲಿನಿಂದ, ಹಾಗಾಗಿ ತಾಸುಗಟ್ಟಲೆ ಹಿಡಿಯುತ್ತದೆ. ಆಮೇಲೆ ಕಡತಕ್ಕೆ ಓಡುವ ಅಪ್ಪಣೆ ಕೊಟ್ಟು, ಯಂತ್ರ ತನ್ನ ಪ್ರೋಗ್ರಾಮುಗಳನ್ನು ಹುಡುಕುವ ಹಾದಿಯಲ್ಲಿ ಇಡಬೇಕು. ಪುಟದ ನಡುವೆ ನೀವು ಕರೆಗೋಲಿನ ಒಂದು ಆವೃತ್ತಿಯ ಸಂಖ್ಯೆ ಬರೆದು, "ಇದನ್ನೇ ಹಾಕಿ" ಎಂದಿದ್ದೀರಿ. ಏಳು ತಲೆ ಅದನ್ನೇ ಹಾಕಿದೆವು. ಕೂಟವೂ ಅಷ್ಟೇ ಹಳೆಯದಾಗಿದ್ದರಿಂದ ನಡೆದುಹೋಯಿತು.

ಹೋದ ವರ್ಷ ನದಿಯಾಚೆಯ ಊರಿನವರು ಬಂದು ಕೂಟವನ್ನು ಹೊಸ ಆವೃತ್ತಿಗೆ ಏರಿಸಿ, ನನ್ನ ಯಂತ್ರಕ್ಕೂ ತಕ್ಕ ಕರೆಗೋಲು ಹಾಕಿ ಹೋದರು. ನಾನಾಗ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಬಂದ ಮೇಲೆ ಏನು ಮಾಡಿದಿರೆಂದು ಕೇಳಲೂ ಇಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕಬೇಕು.

ಈ ತಿಂಗಳ ಹತ್ತೊಂಬತ್ತರ ಬೆಳಿಗ್ಗೆ ಸಿಡಿಲು ಬಡಿದು ಎರಡು ಯಂತ್ರ ಸುಟ್ಟವು: ಒಂದು ನನ್ನದು, ಇನ್ನೊಂದು ಆಸ್ಪತ್ರೆಯ ನೀರು ಶುದ್ಧಿ ಮಾಡುವ ಪೆಟ್ಟಿಗೆ ಓಡುತ್ತಿದ್ದದ್ದು. ಬೇರೆ ಪೆಟ್ಟಿಗೆಗಳನ್ನು ಕೂಟ ತಾನೇ ಇನ್ನೊಂದು ಯಂತ್ರಕ್ಕೆ ಸಾಗಿಸಿಕೊಳ್ಳುತ್ತದೆ. ಆಸ್ಪತ್ರೆಯದನ್ನು ಮಾತ್ರ ಮನುಷ್ಯರ ಅಪ್ಪಣೆಯಿಲ್ಲದೆ ಎಬ್ಬಿಸಕೂಡದೆಂದು ಕಟ್ಟಳೆ. ನನ್ನ ತಮ್ಮ ದ್ಯಾಮಪ್ಪನ ಮೂತ್ರಪಿಂಡ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಅವನ ರಕ್ತ ಶುದ್ಧಿಗೆ ಆ ನೀರೇ ಬೇಕು. ಅಂದು ತೊಟ್ಟಿಯಲ್ಲಿ ನಾಲ್ವರಿಗಾಗುವಷ್ಟು ನೀರಿತ್ತು, ಕಾದಿದ್ದವರು ಐವರು.

ಹೊಸ ಯಂತ್ರ ತಂದು, ನೇಕಾರ ಓಣಿಯ ಹಸೀನಾಬಾನುವನ್ನು ಎದುರಿಗೆ ಕೂರಿಸಿಕೊಂಡು ಓದಿದೆ. ತಾಳೆಯಾಯಿತು. ಆಸ್ಪತ್ರೆಯ ಪೆಟ್ಟಿಗೆ ಎಬ್ಬಿಸೆಂದು ಅಪ್ಪಣೆ ಕೊಟ್ಟರೆ, ಕೂಟದ ಮಾತು ತನಗೆ ತಿಳಿಯದೆಂದು ಕರೆಗೋಲು ಕೈಚೆಲ್ಲಿತು. ಕಡತ ಕೆಟ್ಟಿದೆಯೆಂದು ಮತ್ತೆ ಇಳಿಸಿ ಮತ್ತೆ ಓದಿದೆವು. ಅದೇ ಹಾಡು. ಆಗ ಹಸೀನಾ ಮೆಲ್ಲಗೆ ಹೇಳಿದಳು:

"ಮಲ್ಲಕ್ಕಾ, ಅಕ್ಷರ ಎಲ್ಲಾ ಬರೋಬ್ಬರಿ ಅದಾವ. ಆದ್ರ ಕೂಟ ಯಾವ ಆವೃತ್ತೀದೈತಿ ಅಂತ ಒಮ್ಮೆ ಕೇಳೂಣೇನು?"

ನಮ್ಮ ಮುತ್ತಜ್ಜಿಗಿಂತ ನೀನು ದೊಡ್ಡವಳಾದೆಯಾ ಎಂದು ಅವಳ ಬಾಯಿ ಮುಚ್ಚಿಸಿ, ಮೂರನೆಯ ಸಲ ಓದಿಸಿದೆ. ಕಡತ ಪುಟದಲ್ಲಿ ಹೇಳಿದ್ದೇ ಹೌದೆಂದು ಅಕ್ಷರಗಳು ಸಾಕ್ಷಿ ಹೇಳುತ್ತಿದ್ದವು, ನಮ್ಮ ಕೂಟಕ್ಕೆ ಒಗ್ಗುತ್ತದೆಂದಲ್ಲ. ಅಷ್ಟು ತಿಳಿಯಲು ನನಗೆ ಸಂಜೆಯಾಯಿತು. ಕೊನೆಗೆ ಎರಡೂ ಕಡೆಯ ಆವೃತ್ತಿ ಕೇಳಿದೆವು. ಕೂಟ ಹತ್ತೊಂಬತ್ತು ಮೆಟ್ಟಿಲು ಮುಂದಿತ್ತು. ಅದಕ್ಕೆ ಹೊಂದುವ ಕರೆಗೋಲು ಕಣಜದಲ್ಲೇ ಬಿದ್ದಿತ್ತು; ಅಕ್ಷರಗಳನ್ನು ಈ ಸಲ ಯಂತ್ರವೇ ತಾಳೆ ನೋಡಿತು, ಕಾಲು ತಾಸಿನಲ್ಲಿ ಕೆಲಸ ಮುಗಿಯಿತು. ಪೆಟ್ಟಿಗೆ ಎದ್ದಿತು. ನೀರು ಬಳಸುವಷ್ಟು ಶುದ್ಧವಾಗಲು ಮರುದಿನದ ಬೆಳಗಾಗಬೇಕಿತ್ತು.

ಮಧ್ಯಾಹ್ನವೇ ದ್ಯಾಮಪ್ಪ ತನ್ನ ಸರದಿಯನ್ನು ಎಳೆಕೂಸಿನ ತಾಯಿಯೊಬ್ಬಳಿಗೆ ಬಿಟ್ಟುಕೊಟ್ಟು ಮನೆಗೆ ಹೋಗಿದ್ದ. ನರ್ಸ್ ತಡೆದದ್ದಕ್ಕೆ, "ಅಕ್ಕ ಕುಂತಾಳ, ಆಗತೈತಿ. ನಾ ನಾಳೆ ಬರ್ತೀನಿ" ಎಂದನಂತೆ. ಬೆಳಗಾಗುವಷ್ಟರಲ್ಲಿ ಅವನ ಎದೆ ನಿಂತಿತ್ತು.

ಹಿರಿಯರೇ, ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಮೂರನೆಯ ಸಲ ಓದಿಸಿದ್ದು ನನ್ನ ಜಂಬ. ಆ ಸಂಖ್ಯೆ ಯಾಕೆಂದು ನಿಮಗೆ ಗೊತ್ತಿತ್ತು, ಅಕ್ಕಪಕ್ಕದ ಮೇಜಿನವರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ? ಆದರೂ ಕೇಳುತ್ತೇನೆ. ಅದರ ಪಕ್ಕದಲ್ಲಿ ಇಷ್ಟು ಸೇರಿಸಿ: ಇಂದು ನಮ್ಮ ಕೂಟ ಈ ಆವೃತ್ತಿಯದು, ಅದಕ್ಕೇ ಇದು, ನಿಮ್ಮದು ಯಾವುದೆಂದು ಮೊದಲು ಕೇಳಿಕೊಳ್ಳಿ. ನಿಮಗೆ ಒಂದು ನಿಮಿಷದ ಕೆಲಸ. ನೀವದನ್ನು ಬರೆದರೆ ನಾನು ಈ ಕಾಗದ ಬರೆಯುವುದೇ ಇಲ್ಲ. ಈ ಹೊತ್ತಿನಲ್ಲಿ ದ್ಯಾಮಪ್ಪನಿಗೆ ಊಟಕ್ಕೆ ಬಡಿಸುತ್ತಿರುತ್ತೇನೆ.

ಮಲ್ಲವ್ವ