ಬಾಗಿನಕ್ಕೆ ಬಾರದ ದೆವ್ವ

ವಿಜಯಪುರ
೩೧ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮುನೀಂದ್ರಣ್ಣನಿಗೆ,

ನಿನ್ನ ತಂಗಿ ಶಶಿಯ ನಮಸ್ಕಾರ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಹೇಳು, ನನ್ನ ದೆವ್ವಗಳೆಲ್ಲಿ?

ಫೋನ್ ಮಾಡಿದರೆ ನೀನು ಹೂಂ ಹೂಂ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ರೇಷ್ಮೆ ನೂಲು ಒಯ್ಯಲು ನಾಳೆ ಇಲ್ಲಿಗೆ ಬರುವ ನಿಮ್ಮ ಮಗ್ಗದ ಮೂರ್ತಿಯ ಕೈಲಿ ಕೊಡುತ್ತೇನೆ. ಅಮ್ಮನ ಎದುರು ಓದಬೇಡ.

ಈ ಸಲ ಗೌರಿಹಬ್ಬಕ್ಕೆ ತವರಿನ ಸೀರೆ ಬೇಡ, ಆ ದೆವ್ವದ ಆಟದ ಡಬ್ಬ ಬೇಕು ಎಂದಿದ್ದೆ. ನೀನೇನೋ ತಂದೆ, ಪುಣ್ಯ ಬರಲಿ. ಆದರೆ ಅಮ್ಮ ಡಬ್ಬ ಬಿಚ್ಚಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ದೆವ್ವದ ಗೊಂಬೆಗಳನ್ನೆಲ್ಲ ಆರಿಸಿ ತೆಗೆದು, ಮಿಕ್ಕಿದ್ದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಾಗಿನದ ಜೊತೆ ಕಳಿಸಿದ್ದಾಳೆ! ಕೇಳಿದರೆ, "ಮುತ್ತೈದೆ ಮನೇಗೆ ಗೌರಮ್ಮನ ಜೊತೆ ದೆವ್ವ ಕಳಿಸ್ತಾರೇನೇ?" ಎಂದು ನನಗೇ ಬೈದಳು. ಅವಳು ಹೀಗೆ ಆರಿಸುವಾಗ ನೀನೇನು ಮಾಡುತ್ತಿದ್ದೆ? ಮೊಬೈಲ್ ನೋಡುತ್ತಿದ್ದೆ, ಅಷ್ಟೇ ತಾನೆ?

ಇಷ್ಟು ವಯಸ್ಸಾದವಳಿಗೆ ಆಟ ಯಾಕೆ ಎಂದು ನಕ್ಕೆಯಲ್ಲ, ಯಾಕೆಂದು ಕೇಳು. ನಾನು ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುತ್ತಾರೆ. "ಹಾಲು ಉಕ್ತಾ ಐತೆ, ಯಾರಾದ್ರೂ ನೋಡ್ರಪ್ಪಾ" ಅನ್ನುತ್ತಾರೆ. ಅಡುಗೆಮನೆಯಲ್ಲಿ ಇರುವವಳು ನಾನೊಬ್ಬಳೇ! ಇವರಿಗೆ ಹೇಳಿದರೆ "ಅಮ್ಮನ ಸ್ವಭಾವ ಗೊತ್ತಲ್ಲ" ಎಂದು ರೇಷ್ಮೆ ನೂಲು ಹುರಿ ಮಾಡುವ ಮಷೀನಿನ ಸದ್ದಿನೊಳಗೆ ಹೋಗಿ ಸೇರಿಕೊಳ್ಳುತ್ತಾರೆ. ನನಗಂತೂ ಸಾಕಾಗಿಹೋಗಿದೆ.

ಬೇಸಿಗೆಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಅಕ್ಷತಳ ಮನೆಗೆ ನಾಮಕರಣಕ್ಕೆಂದು ಮನೆಮಂದಿಯೆಲ್ಲ ಹೋಗಿದ್ದೆವು. ಊಟವಾದ ಮೇಲೆ ಅವಳು ಈ ಆಟ ಹರಡಿದಳು. ಹಲಗೆಯ ಮೇಲೊಂದು ಹಳೇ ಬಂಗಲೆ. ಆಡುವವರೆಲ್ಲ ಒಂದೇ ಪಕ್ಷ. ದೀಪಗಳನ್ನೆಲ್ಲ ಹಚ್ಚಿ, ದೆವ್ವಕ್ಕೆ ಸಿಗದೆ ಹೊರಗೆ ಬರಬೇಕು; ಒಬ್ಬರು ಸಿಕ್ಕಿಬಿದ್ದರೂ ಎಲ್ಲರೂ ಸೋತಂತೆ. ಅತ್ತೆಯ ಕೈಗೂ ಒಂದು ಕಾಯಿ ಕೊಟ್ಟರು. ದೆವ್ವ ನನ್ನ ಕಾಯಿಯ ಪಕ್ಕಕ್ಕೇ ಬಂದಾಗ ಅತ್ತೆ, "ಲೇ ಶಶೀ, ಆ ಕಡೆ ಹೋಗ್ಬೇಡ್ವೇ, ನನ್ ಹಿಂದೆ ಬಾ!" ಎಂದು ಕೂಗಿಬಿಟ್ಟರು ಕಣಣ್ಣ. ನನ್ನ ಹೆಸರು ಹಿಡಿದು! ನನಗೆ ಅಳುವೇ ಬಂತು. ಮನೆಗೆ ಬಂದ ಮೇಲೆ ಮತ್ತೆ ಗೋಡೆಯೇ.

ನಿನ್ನೆ ಎಷ್ಟು ಆಸೆಯಿಂದ ಆಟ ಹರಡಿದೆ ಗೊತ್ತಾ? ನೋಡಿದರೆ ದೆವ್ವವೇ ಇಲ್ಲ. ಖಾಲಿ ಬಂಗಲೆಯಲ್ಲಿ ಕಸ ಗುಡಿಸಲು ಬಂದವರ ಹಾಗೆ ಸುಮ್ಮನೆ ಓಡಾಡಿದೆವು. ಅಮ್ಮನಿಗೆ ಫೋನ್ ಮಾಡಿ ಕೇಳಿ, ದೆವ್ವಗಳು ತವರಲ್ಲೇ ಉಳಿದಿವೆ ಎಂದು ನಾನು ಹೇಳಿದೆ. ಅತ್ತೆ ಗೋಡೆಗೆ "ಮತ್ತೆ ಇದ್ರಲ್ಲೇನೈತೆ?" ಎಂದು ಎದ್ದು ಹೋದರು.

ಅಮ್ಮ ಅವುಗಳನ್ನು ಎಲ್ಲಿ ಬಚ್ಚಿಟ್ಟಿದ್ದಾಳೋ ಹುಡುಕಿ ಕಳಿಸು. ಒಲೆಗೆ ಹಾಕಿದ್ದರೆ ಹೊಸ ಡಬ್ಬವನ್ನೇ ತಾ. ಸೀರೆ ಕಳಿಸಿ ಸಮಾಧಾನ ಮಾಡಲು ನೋಡಿದೆಯೋ, ಮೂರ್ತಿಯ ಕೈಲೇ ವಾಪಸ್ಸು ಬರುತ್ತದೆ.

ಸಿಟ್ಟು ಇಳಿಯದ ನಿನ್ನ ತಂಗಿ,
ಶಶಿರೇಖಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಬಂದು ನಿಂತು, "ದೆವ್ವ ಯಾವಾಗ್ ಬರ್ತವಂತೆ?" ಎಂದು ಗೋಡೆಗೆ ಕೇಳಿದರು. ಅಭ್ಯಾಸಬಲ, ನಾನು ತಲೆ ಎತ್ತದೆ ಕಾಗದ ಮಡಚುತ್ತಿದ್ದೆ. ಅವರು ಅಲ್ಲಿಂದ ಹೋಗಲಿಲ್ಲ. "ನಿನ್ನೇ ಕಣೇ ಕೇಳ್ತಿರೋದು" ಎಂದರು. ಬೇಗ ಕಳಿಸಣ್ಣ.