ಸಹಾಯದ ಕೀ ಕಿತ್ತ ಕಂಪ್ಯೂಟರು

ಅನುಮತಿ ಪತ್ರಗಳ ಮೇಲಧಿಕಾರಿಗಳೇ,

ನಿಮ್ಮ ಶಾಖಾ ಕಚೇರಿಯ ಹಳೇ ಕಂಪ್ಯೂಟರಿನಿಂದಾಗಿ ನನ್ನ ಅಕ್ಕನ ಆಪರೇಷನ್ ತಪ್ಪಿಹೋಗಿದೆ. ಅವಳಿಗೆ ನನ್ನದೊಂದು ಕಿಡ್ನಿ ಹಾಕಬೇಕು. ನಾನು ಒಪ್ಪಿದ್ದೇನೆ, ನನ್ನ ಹೆಂಡತಿ ಒಪ್ಪಿದ್ದಾಳೆ, ವೈದ್ಯರು ಒಪ್ಪಿದ್ದಾರೆ, ನಿಮ್ಮ ಸಮಿತಿಯೂ ಒಪ್ಪಿದೆ. ಒಪ್ಪದೆ ಕೂತಿರುವುದು ನಿಮ್ಮ ಪೆಟ್ಟಿಗೆಯೊಂದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯನ್ನು ನಾನು ಕಣ್ಣಾರೆ ಕಂಡೆ.

ಆ ಯಂತ್ರವನ್ನು ವರ್ಷಗಟ್ಟಲೆ ಯಾರೂ ಆರಿಸಿರಲಿಲ್ಲವಂತೆ. ಆರಿಸಿದರೆ ಮತ್ತೆ ಏಳುವುದಿಲ್ಲವೆಂಬ ಭಯ ಅಲ್ಲಿಯ ಸಿಬ್ಬಂದಿಗಿತ್ತು. ಅಷ್ಟರಲ್ಲಿ ವಿದ್ಯುತ್ ಉಳಿಸಲು ಸಂಜೆ ಎಲ್ಲ ಯಂತ್ರಗಳನ್ನೂ ಆರಿಸತಕ್ಕದ್ದೆಂದು ನೀವು ಆದೇಶ ಹೊರಡಿಸಿದಿರಿ. ಪಾಪ, ಅವರು ಪಾಲಿಸಿದರು. ಮರುದಿನ ಬೆಳಗ್ಗೆ ಕೌಂಟರಿನ ಮುಂದೆ ನಿಂತಿದ್ದವನು ನಾನು. ಆಸ್ಪತ್ರೆಗೆ ಸಂಜೆಯೊಳಗೆ ಅನುಮತಿ ಪತ್ರ ಮುಟ್ಟಬೇಕಿತ್ತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಮುಂದುವರಿಯಲು ಎಫ್ ಒನ್ ಒತ್ತಿ.

"ಒತ್ತಿ ಮೇಡಂ, ಅದೇ ಹೇಳ್ತಿದೆಯಲ್ಲ!" ಎಂದೆ.

"ಎಲ್ಲಿ ಒತ್ತಲಪ್ಪಾ? ಆ ಕೀನೇ ಇಲ್ವಲ್ಲ!" ಎಂದರು ಗುಮಾಸ್ತೆ. ನೋಡಿದರೆ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಹಲ್ಲು ಉದುರಿದಂಥ ಸಂದು. "ಬೆರಳು ತಾಗಿದ್ರೆ ಸಾಕು, ಸಹಾಯ ಬೇಕಾ, ಸಹಾಯ ಬೇಕಾ ಅಂತ ಕೇಳ್ತಿತ್ತು. ಅದರ ಕಾಟ ತಡೀಲಾರ್ದೆ ಚಾಕು ಹಾಕಿ ಎಬ್ಬಿಸಿಬಿಟ್ವಿ."

ಮಾನ್ಯರೇ, ನಿಮ್ಮ ಇಡೀ ಕಚೇರಿಯಲ್ಲಿ ಸಹಾಯ ಬೇಕೇ ಎಂದು ತಾನಾಗಿ ಕೇಳುತ್ತಿದ್ದದ್ದು ಅದೊಂದೇ. ಅದನ್ನೂ ಕಿತ್ತು ಹಾಕಿದ್ದಾರೆ!

ಪಕ್ಕದ ಕೌಂಟರಿನ ಕೀಬೋರ್ಡು ಈ ಹಳೇ ಯಂತ್ರಕ್ಕೆ ಕೂರಲಿಲ್ಲ. ನಿಮ್ಮ ಮುಖ್ಯ ಕಚೇರಿಗೆ ಫೋನು ಮಾಡಿದರೆ, "ನಮ್ಮವರು ಬರ್ತಾರೆ, ಅಲ್ಲೀವರೆಗೂ ಯಾರೂ ಮುಟ್ಬೇಡಿ" ಎಂಬ ಉತ್ತರ. ಯಾರೂ ಬರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಅಕ್ಕನ ಫೋನು ಮೇಲಿಂದ ಮೇಲೆ. "ಬಂತೇನೋ?" "ಬರ್ತಾ ಇದೆ ಅಕ್ಕಾ." ಸುಳ್ಳು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕಡೆಗೆ ಆ ಗುಮಾಸ್ತೆಯೇ, "ಆಗಿದ್ದಾಗ್ಲಿ" ಎಂದು ತಲೆಯ ಪಿನ್ನು ತೆಗೆದು ಆ ಸಂದಿನೊಳಗೆ ಚುಚ್ಚಿದರು. ಯಂತ್ರ ಎದ್ದಿತು! ಪತ್ರ ಹೊರಬಂದದ್ದೇ ತಡ, ನಾನು ಓಡಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಪತ್ರ ನೋಡಿ ಹುಬ್ಬೇರಿಸಿದರು. "ಏನ್ರೀ ಈ ತಾರೀಖು? ಆಗ ನೀವು ಹುಟ್ಟಿದ್ರಾ?"

ಹುಟ್ಟಿದ್ದೆ. ಎರಡನೇ ಕ್ಲಾಸಿನಲ್ಲಿದ್ದೆ. ಪೆಟ್ಟಿಗೆಯೊಳಗೆ ತಾರೀಖು ಕಾಯುವ, ಕೋಟಿನ ಗುಂಡಿಯಷ್ಟು ದಪ್ಪದ ಬ್ಯಾಟರಿ ಎಂದೋ ಸತ್ತಿತ್ತಂತೆ. ಆರಿಸಿದೊಡನೆ ಯಂತ್ರ ತಾನು ತಯಾರಾದ ವರ್ಷಕ್ಕೆ ಮರಳಿದೆ. ಕೈಯಲ್ಲಿ ತಿದ್ದಿದರೆ ಪತ್ರ ಅಸಿಂಧು. ಯಂತ್ರದಲ್ಲಿ ತಿದ್ದಲು ಪಾಸ್‌ವರ್ಡು ಬೇಕು, ಅದು ನಿಮ್ಮ ಬಳಿ ಭದ್ರವಾಗಿದೆ. ನಾನು ಬಸ್ ಕಂಡಕ್ಟರು ಸ್ವಾಮೀ. ನಿನ್ನೆಯ ತಾರೀಖಿನ ಒಂದು ಟಿಕೆಟ್ ಹರಿದುಕೊಟ್ಟರೆ ನನ್ನನ್ನು ಮನೆಗೆ ಕಳಿಸುತ್ತಾರೆ. ನನ್ನ ಬಾಲ್ಯದ ತಾರೀಖು ಹಾಕಿಕೊಟ್ಟ ಕಚೇರಿಯನ್ನು ಎಲ್ಲಿಗೆ ಕಳಿಸುತ್ತಾರೆ?

ಅಕ್ಕನ ಆಪರೇಷನ್ ಸರದಿಯನ್ನು ಬೇರೊಬ್ಬರಿಗೆ ಕೊಟ್ಟರು. ಅವರಿಗೆ ಒಳ್ಳೆಯದಾಗಲಿ. ನಾನು ತಲೆ ತಗ್ಗಿಸಿ ನಿಂತರೆ ಅಕ್ಕ, "ಹೋಗ್ಲಿ ಬಿಡೋ, ಬೆಳಗ್ಗಿಂದ ಏನಾದ್ರೂ ತಿಂದ್ಯಾ?" ಎಂದಳು. ಅವಳ ಮುಖ ಊದಿದೆ, ಎರಡು ಹೆಜ್ಜೆಗೆ ಏದುಸಿರು. ಅಂಥವಳು ನನ್ನ ಹೊಟ್ಟೆಯ ಚಿಂತೆ ಮಾಡುತ್ತಾಳೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ, ಮುಚ್ಚಿಡುವುದೇಕೆ?

ಮುಂದಿನ ಸರದಿ ಗುರುವಾರ. ಬ್ಯಾಟರಿಯನ್ನು ನಾನೇ ತಂದಿದ್ದೇನೆ, ಅಂಗಿಯ ಜೇಬಿನಲ್ಲಿದೆ. ನಿಮ್ಮ ಅಪ್ಪಣೆಯಿಲ್ಲದೆ ಪೆಟ್ಟಿಗೆ ತೆರೆದು ಅದನ್ನು ಹಾಕುವಂತಿಲ್ಲವಂತೆ. ನಿಮ್ಮ ವಿಷಾದ, ವಿಚಾರಣೆ ಏನೂ ಬೇಡ. ಅಪ್ಪಣೆಯನ್ನೂ ಪಾಸ್‌ವರ್ಡು ಬಲ್ಲ ಒಬ್ಬ ಮನುಷ್ಯನನ್ನೂ ಬುಧವಾರದೊಳಗೆ ಕಳಿಸಿ. ಪತ್ರದ ಮೇಲೆ ಈ ವರ್ಷದ ತಾರೀಖು ಬೀಳಲಿ, ನನ್ನ ಅಕ್ಕ ಇರುವಾಗಲೇ ಬೀಳಲಿ.

ಇಂತಿ,
ನಿಮ್ಮ ಕಂಪ್ಯೂಟರಿನ ಪ್ರಕಾರ ಇನ್ನೂ ಎರಡನೇ ಕ್ಲಾಸಿನಲ್ಲಿರುವ,
ಆದರೂ ಕಿಡ್ನಿ ಕೊಡಲು ಕಾದು ನಿಂತಿರುವ
ಒಬ್ಬ ಅಕ್ಕನ ತಮ್ಮ