ಬೀಗದ ಕಂಪನಿಯ ಅರ್ಧ ಷೇರು

ರೀ,

ನಿಮಗೆ ಕಾಣಲಿ ಅಂತ ದೊಡ್ಡಕ್ಷರದಲ್ಲೇ ಬರೆದಿದ್ದೇನೆ. ಚಹಾ ಫ್ಲಾಸ್ಕಿನಲ್ಲಿದೆ. ಕಣ್ಣಿಗೆ ಹನಿ ಹಾಕಿಕೊಳ್ಳಿ.

ನಾನು ಬ್ರೋಕರ್ ಆಫೀಸಿಗೆ ಹೊರಟೆ. ನೀವು ದುಡಿದ ಬೀಗದ ಕಂಪನಿಯ ಷೇರುಗಳಲ್ಲಿ ಅರ್ಧ ಇವತ್ತೇ ಮಾರುತ್ತೇನೆ. "ಕಂಪನೀನೇ ಕೊಳ್ಳೋಕೆ ಬಂದಿರೋರು ಷೇರಿಗೆ ಹೇಳಿದ ಬೆಲೆ ಪೂರ್ತಿ ಬರಲಿ, ಆಮೇಲೆ ಆಪರೇಷನ್" ಅಂತ ಎಷ್ಟು ದಿನ ಹೇಳುತ್ತೀರಿ? ಮಾರುಕಟ್ಟೆಯಲ್ಲಿ ಈಗ ಸ್ವಲ್ಪ ಕಮ್ಮಿ ಸಿಗುತ್ತದೆ, ನಿಜ. ಆದರೆ ಈ ಮಾರಾಟಕ್ಕೆ ಸರ್ಕಾರ ಒಪ್ಪದೆ ಕೊಳ್ಳೋರು ಹಿಂದೆ ಸರಿದರೆ, ಬೆಲೆ ಅವರು ಬರುವ ಮೊದಲಿದ್ದ ಜಾಗಕ್ಕೇ ಬೀಳುತ್ತದೆ. ಆಗ ನಿಮ್ಮ ಕಣ್ಣಿನ ಗತಿ? ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಗ್ಯಾಸ್ ಆರಿಸಿದೆನಾ ಅಂತ ಮತ್ತೆ ಮತ್ತೆ ನೋಡಿ ಬಂದೆ. ನೀವೂ ಒಮ್ಮೆ ನೋಡಿ.

ಉಳಿದರ್ಧ ನಿಮ್ಮ ಹಟಕ್ಕೆ ಬಿಟ್ಟಿದ್ದೇನೆ. ಪೂರ್ತಿ ಬೆಲೆ ಬಂದರೆ "ನಾನು ಹೇಳಲಿಲ್ವಾ" ಅಂತ ವರ್ಷವಿಡೀ ಹಂಗಿಸಿ, ಕೇಳಿಸಿಕೊಳ್ಳುತ್ತೇನೆ.

ಕೋಪ ಬೇಡ. "ನಾಳೆ ನೀನು ಯಾರನ್ನೂ ಕೇಳೋ ಹಾಗಾಗಬಾರದು" ಅಂತ ಷೇರೆಲ್ಲ ನನ್ನ ಹೆಸರಿಗೆ ಮಾಡಿಸಿದ್ದು ನೀವೇ. ಅದಕ್ಕೇ ಇವತ್ತು ನಿಮ್ಮನ್ನೂ ಕೇಳಲಿಲ್ಲ.

ಮೊಬೈಲ್ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಅದನ್ನು ಮೂಗಿಗೆ ಹಚ್ಚಿಕೊಂಡು ರೇಟು ನೋಡಿದ್ದು ಸಾಕು. ಡಾಕ್ಟರ ಹತ್ತಿರ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡೇ ಮನೆಗೆ ಬರುತ್ತೇನೆ.